ದಲ್ಲಾಳಿಯ ಕೈ: ಪಂಜಾಬಿನ ಪಿತೃಗಳು, ಸಿಖ್ಖರ ಸಿಮರನ್ ಮತ್ತು ನಡುವೆ ನಿಂತ ವ್ಯಾಪಾರ

ಕಳ್ಳನೊಬ್ಬ ಯಾರದೋ ಮನೆಗೆ ಕನ್ನ ಹಾಕಿ, ಕದ್ದ ಮಾಲಿನಲ್ಲೇ ತನ್ನ ಹಿರಿಯರ ಶ್ರಾದ್ಧ ಮಾಡಿದ ಅಂದುಕೊಳ್ಳಿ. ಮೇಲಿನ ಲೋಕದಲ್ಲಿ ಆ ಮಾಲಿನ ಗುರುತು ಸಿಕ್ಕರೆ? ಪಾಪ, ಹಿರಿಯರೇ ಕಳ್ಳರಾಗುತ್ತಾರೆ. ಮಾಲು ದಾಟಿಸಿದ ದಲ್ಲಾಳಿಯ ಕೈ ಕತ್ತರಿಸುತ್ತಾರೆ. ಗುರು ನಾನಕರು ‘ಆಸಾ ದೀ ವಾರ್’ನಲ್ಲಿ ಮುಂದಿಟ್ಟಿರುವ ನ್ಯಾಯ ಇದು. ಗುರು ಗ್ರಂಥ ಸಾಹಿಬ್‌ನ 472ನೇ ಪುಟದಲ್ಲಿದೆ. ಸಿಖ್ಖರು ಪುಟ ಎನ್ನುವುದಿಲ್ಲ, ‘ಅಂಗ್’ ಎನ್ನುತ್ತಾರೆ. ಮೂಲದಲ್ಲಿ ಇರುವ ಪದವೂ ‘ದಲಾಲ್’ ಎಂದೇ. ಮನುಷ್ಯ ದುಡಿದು, ಗಳಿಸಿ, ತಾನೇ ಕೊಟ್ಟದ್ದಷ್ಟೇ ಮುಂದೆ ಸಿಗುತ್ತದೆ ಎಂದು ಆ ಸಾಲುಗಳು ಮುಗಿಯುತ್ತವೆ.

ಇಷ್ಟು ಖಡಕ್ಕಾಗಿ ಹೇಳಿ ಐನೂರು ವರ್ಷಗಳಾದವು. ಆದರೂ ಪ್ರತಿವರ್ಷ ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಎಡೆ ಇಡುವ ಹೊತ್ತಿಗೆ ಪಂಜಾಬಿನ ಅಸ್ಸೂ ತಿಂಗಳಲ್ಲೂ ಖೀರು ಕುದಿಯುತ್ತದೆ, ಎಷ್ಟೋ ಸಿಖ್ ಮನೆಗಳಲ್ಲೂ. ಬ್ರಾಹ್ಮಣರನ್ನು ಕರೆಯುವ ಬದಲು ಗುರುದ್ವಾರದಲ್ಲಿ ಗ್ರಂಥ ಓದುವ ಗ್ರಂಥಿಯನ್ನೋ ಐದು ಮಂದಿ ಅಮೃತಧಾರಿಗಳನ್ನೋ (ಅಮೃತ ದೀಕ್ಷೆ ಪಡೆದವರನ್ನೋ) ಕರೆದು ಉಣಬಡಿಸುತ್ತಾರೆ. ಊಟ ಅದೇ, ತಿಥಿ ಅದೇ, ಉಣ್ಣುವವರು ಮಾತ್ರ ಬೇರೆ. ಸಿಖ್ ಧರ್ಮ ಒಂದು ಕಡೆ, ಮೂಢನಂಬಿಕೆ ಇನ್ನೊಂದು ಕಡೆ ಎಂದು ಗೆರೆ ಎಳೆದು ನೋಡಿದರೆ ಈ ಅದಲುಬದಲು ಕಣ್ಣಿಗೆ ಬೀಳುವುದಿಲ್ಲ. ನೋಡಬೇಕಾದದ್ದು ದಲ್ಲಾಳಿ ಎಲ್ಲಿ ನಿಂತಿದ್ದಾನೆ ಎಂಬುದನ್ನು. ಅವನು ಗೋರಿಯ ಪಕ್ಕದಲ್ಲೂ ನಿಲ್ಲಬಲ್ಲ, ಗುರುದ್ವಾರದೊಳಗೂ ನಿಲ್ಲಬಲ್ಲ.

ಜಠೇರೆ ಎಂದರೆ

ಪಂಜಾಬಿನ ಹಳ್ಳಿಯ ಅಂಚಿನಲ್ಲಿ, ಸಾಮಾನ್ಯವಾಗಿ ಕೆರೆ ಅಥವಾ ಹೊಂಡದ ಪಕ್ಕ, ಇಟ್ಟಿಗೆಯ ಒಂದು ಕಟ್ಟೆ ಇರುತ್ತದೆ. ಸುಣ್ಣ ಬಳಿದಿರುತ್ತದೆ, ಮೇಲೊಂದು ಪುಟ್ಟ ಗುಮ್ಮಟ, ಬದಿಯಲ್ಲಿ ದೀಪ ಇಡಲು ಗೂಡು. ಇದು ಆ ಗೋತ್ರದ ಮೂಲಪುರುಷನ ಜಾಗ, ‘ಜಠೇರೆ’. ಸಂಧು ಗೋತ್ರದವರಿಗೆ ಕಾಲಾ ಮೆಹರ್, ಚಹಲ್ ಗೋತ್ರದವರಿಗೆ ಜೋಗಿ ಪೀರ್, ಹೀಗೆ ಗೋತ್ರಕ್ಕೊಬ್ಬ. ಸತ್ತವರನ್ನು ಸುಟ್ಟ ಜಾಗದಲ್ಲಿ ಕಟ್ಟಿದ ಗುಡಿಗೆ ‘ಮಢೀ’ ಎನ್ನುತ್ತಾರೆ; ಎಷ್ಟೋ ಊರುಗಳಲ್ಲಿ ಎರಡೂ ಒಂದೇ.

ಮದುವೆಯಾದ ಹೊಸ ಜೋಡಿಯನ್ನು ಇಲ್ಲಿಗೆ ಕರೆತಂದು ತಲೆ ಬಾಗಿಸುತ್ತಾರೆ. ಹುಡುಗಿ ಈ ಗೋತ್ರಕ್ಕೆ ಸೇರಿದಳು ಎಂಬುದಕ್ಕೆ ಇದೇ ಮೊಹರು. ಕೆಲವು ಕುಲಗಳಲ್ಲಿ ದಿಬ್ಬಣ ಹೊರಡುವ ಮುಂಚೆ ವರ ಕತ್ತಿಯಿಂದ ಜಂಡ್ ಮರದ ಕೊಂಬೆಗೆ ಏಟು ಹಾಕುವ ಪದ್ಧತಿ ಇತ್ತು. ಜಂಡ್ ಎಂದರೆ ಬೇರೇನೂ ಅಲ್ಲ, ನಮ್ಮ ಬನ್ನಿ. ಕರು ಹಾಕಿದ ಎಮ್ಮೆಯ ಮೊದಲ ಹಾಲು ಇಲ್ಲಿಗೆ. ದೀಪಾವಳಿ ಸಂಜೆ ಮನೆಯ ದೀಪಕ್ಕಿಂತ ಮೊದಲು ಇಲ್ಲೊಂದು ದೀಪ. ಹೊಂಡದಿಂದ ಹಿಡಿಮಣ್ಣು ತೆಗೆದು ಕಟ್ಟೆಯ ಪಕ್ಕ ಹಾಕುವುದೂ ಒಂದು ಸೇವೆ. ಲೂಧಿಯಾನ ಜಿಲ್ಲೆಯ ಛಪಾರ್‌ನಲ್ಲಿ ಭಾದೋಂ ತಿಂಗಳಲ್ಲಿ ನಡೆಯುವ ಗುಗ್ಗಾ ಪೀರನ ಜಾತ್ರೆಯಲ್ಲಿ ಜನ ಏಳು ಸಲ ಮಣ್ಣು ತೆಗೆಯುತ್ತಾರೆ, ಹಾವಿನ ಭಯ ಬೇಡ ಅಂತ.

ಇದರಲ್ಲಿ ಅರ್ಧದಷ್ಟು ಭೂತಪ್ರೇತದ ವಿಷಯವೇ ಅಲ್ಲ. ಊರು ಕಟ್ಟಿದವನು ಯಾರು, ಯಾವ ಹೊಲ ಯಾರ ವಂಶದ್ದು, ಈ ಸೊಸೆ ಯಾವ ಮನೆಯವಳು ಎಂಬ ಲೆಕ್ಕವೆಲ್ಲ ಆ ಕಟ್ಟೆಯ ಸುತ್ತ ಸುತ್ತುತ್ತದೆ. ಕೆನಡಾದಲ್ಲಿ ಲಾರಿ ಓಡಿಸುವ ಮಗ ಊರಿಗೆ ಹಣ ಕಳಿಸಿ ಹಳೇ ಇಟ್ಟಿಗೆ ಕಟ್ಟೆಗೆ ಗ್ರಾನೈಟ್ ಹಾಕಿಸುವುದೂ ಇದಕ್ಕೇ: ದೂರ ಹೋದವನಿಗೆ ಬೇರು ಬೇಕು. ದಲಿತ ಸಮುದಾಯಗಳಿಗೂ ತಮ್ಮದೇ ಜಠೇರೆಗಳಿವೆ. ಅವುಗಳ ಮೇಳಗಳು ದೊಆಬಾ ಭಾಗದಲ್ಲಿ ಜೋರಾಗೇ ನಡೆಯುತ್ತವೆ. ‘ನಾವು ಪೂಜೆ ಮಾಡುತ್ತಿಲ್ಲ, ಹಿರಿಯರನ್ನು ನೆನೆಯುತ್ತೇವೆ ಅಷ್ಟೇ’ ಎಂದು ಹೋಗುವವರು ಹೇಳುವ ಮಾತಿನಲ್ಲಿ ಸತ್ಯವಿದೆ.

ಆದರೆ ಒಂದು ಪ್ರಶ್ನೆ ಕೇಳಿ ನೋಡಬೇಕು: ಈ ಸಲ ಹೋಗದಿದ್ದರೆ ಏನಾಗುತ್ತದೆ? ‘ಏನೂ ಇಲ್ಲ, ಮುಂದಿನ ವರ್ಷ ಹೋದರಾಯಿತು’ ಎಂದರೆ ಅದು ನೆನಪು. ‘ಎಮ್ಮೆ ಹಾಲು ಕಟ್ಟುತ್ತದೆ, ಮಗುವಿಗೆ ಹುಷಾರು ತಪ್ಪುತ್ತದೆ’ ಎಂದರೆ ಅದು ಸಾಲ. ಸಾಲ ಇದ್ದ ಕಡೆ ವಸೂಲಿ ಮಾಡುವವನೂ ಬಂದೇ ಬರುತ್ತಾನೆ.

ಕುಲವನ್ನೇ ಅಳಿಸಿದ ನಿಯಮ

ಶಿರೋಮಣಿ ಗುರುದ್ವಾರಾ ಪ್ರಬಂಧಕ ಕಮಿಟಿ 1936ರಲ್ಲಿ ಒಪ್ಪಿ, 1945ರಲ್ಲಿ ತಿದ್ದಿದ ‘ಸಿಖ್ ರೆಹತ್ ಮರ್ಯಾದಾ’ ಸಿಖ್ಖರ ನಡವಳಿಕೆಯ ಸಂಹಿತೆ. ಅದರಲ್ಲಿ ಮಾಡಬಾರದ್ದರ ಒಂದು ಉದ್ದನೆಯ ಪಟ್ಟಿಯಿದೆ. ಜಾತಿ, ಅಸ್ಪೃಶ್ಯತೆ, ಮಂತ್ರ-ತಂತ್ರ, ಶಕುನ, ಮುಹೂರ್ತ, ಗ್ರಹ, ರಾಶಿ, ಶ್ರಾದ್ಧ, ಪಿತೃಗಳಿಗೆ ಉಣಿಸುವುದು, ಪಿಂಡ, ತರ್ಪಣ, ಏಕಾದಶಿ ಹುಣ್ಣಿಮೆಗಳ ವ್ರತ, ಗೋರಿ, ಮಠ, ಮಢೀ, ಹರಕೆ ಎಲ್ಲವೂ ಅದರಲ್ಲಿ ಬರುತ್ತವೆ. ಇವೆಲ್ಲ ‘ಮನಮತ’, ಅಂದರೆ ಗುರುವಿನ ದಾರಿ ಬಿಟ್ಟು ಮನಸ್ಸಿಗೆ ಬಂದಂತೆ ನಡೆಯುವುದು. ಪಟ್ಟಿ ನೋಡಿದರೆ ಬರೆದವರಿಗೆ ಹಳ್ಳಿ ಚೆನ್ನಾಗಿ ಗೊತ್ತಿತ್ತು ಅನ್ನಿಸುತ್ತದೆ. ಜನ ಮಾಡುತ್ತಿದ್ದುದನ್ನೇ ಒಂದೊಂದಾಗಿ ಹೆಸರು ಹಿಡಿದು ಬರೆದಿದ್ದಾರೆ.

ಇದಕ್ಕಿಂತ ಆಳವಾದ ಮಾತು ಅಮೃತ ದೀಕ್ಷೆಯ ವೇಳೆ ಬರುತ್ತದೆ. ದೀಕ್ಷೆ ಪಡೆದವರಿಗೆ ಹೇಳುವುದು ಇಷ್ಟು: ಇವತ್ತಿನಿಂದ ನಿಮ್ಮ ತಂದೆ ಗುರು ಗೋಬಿಂದ್ ಸಿಂಗ್, ತಾಯಿ ಮಾತಾ ಸಾಹಿಬ್ ಕೌರ್, ಹುಟ್ಟಿದ್ದು ಕೇಸ್‌ಗಢ ಸಾಹಿಬ್‌ನಲ್ಲಿ, ವಾಸ ಆನಂದಪುರ ಸಾಹಿಬ್‌ನಲ್ಲಿ. ಹಿಂದಿನ ಕುಲ, ಹಿಂದಿನ ಕಸುಬು, ಹಿಂದಿನ ಕರ್ಮಕಾಂಡ ಮುಗಿಯಿತು. ಸಂಪ್ರದಾಯದಲ್ಲಿ ಇದಕ್ಕೆ ‘ಕುಲನಾಶ’ ಎಂದೇ ಹೆಸರು. ಗೋತ್ರವೇ ಅಳಿಸಿದ ಮೇಲೆ ಗೋತ್ರದ ಮೂಲಪುರುಷನಿಗೆ ದೀಪ ಹಚ್ಚುವುದು ಎಲ್ಲಿಂದ ಬಂತು? ಅಮೃತಧಾರಿಯೊಬ್ಬ ಜಠೇರೆಗೆ ಹೋದರೆ ಅವನ ಮಾತಿಗೂ ನಡೆಗೂ ತಾಳೆಯಾಗದು. ದೀಕ್ಷೆ ಪಡೆಯದ ಸಿಖ್ಖರು ಇದ್ದಾರಲ್ಲ, ಪಂಜಾಬಿನ ಹಳ್ಳಿಗಳಲ್ಲಿ ಅವರೇ ಹೆಚ್ಚು, ಅವರು ಈ ತರ್ಕವನ್ನು ಅಷ್ಟು ಹಚ್ಚಿಕೊಳ್ಳುವುದಿಲ್ಲ.

ಹಾಗಂತ ಹಿರಿಯರ ನೆನಪನ್ನು ಸಿಖ್ ಧರ್ಮ ಖಾಲಿ ಬಿಡಲಿಲ್ಲ. ದಿನವೂ ನಿಂತು ಮಾಡುವ ‘ಅರ್ದಾಸ್’ ಪ್ರಾರ್ಥನೆಯಲ್ಲಿ ಹತ್ತು ಗುರುಗಳು, ‘ಪಂಜ್ ಪ್ಯಾರೇ’ ಎಂದರೆ ಮೊದಲು ಅಮೃತ ದೀಕ್ಷೆ ಪಡೆದ ಐವರು, ಗುರು ಗೋಬಿಂದರ ನಾಲ್ಕು ಮಕ್ಕಳು, ನಲವತ್ತು ಮುಕ್ತರು, ಧರ್ಮಕ್ಕಾಗಿ ತಲೆಕೊಟ್ಟವರು ಎಲ್ಲರೂ ಬರುತ್ತಾರೆ. ಒಂದು ಮನೆತನದ ಅಜ್ಜನ ಜಾಗದಲ್ಲಿ ಎಲ್ಲರಿಗೂ ಸೇರಿದ ಹಿರಿಯರು. ಅವರಿಗೆ ಊಟ ಇಡುವುದಿಲ್ಲ, ಅವರಿಂದ ಬೇಡುವುದೂ ಇಲ್ಲ. ಹೆಸರು ಹೇಳಿ, ‘ಅವರ ಗಳಿಕೆಯನ್ನು ನೆನೆದು ವಾಹೆಗುರು ಎನ್ನಿ’ ಎನ್ನುತ್ತಾರೆ.

ಪ್ರೇತ ಇದೆಯೋ ಇಲ್ಲವೋ?

ಸಿಖ್ ಪ್ರಚಾರಕರಲ್ಲೇ ಇಲ್ಲಿ ಎರಡು ಗುಂಪು. ಗುರು ಗ್ರಂಥದಲ್ಲಿ ‘ಪ್ರೇತ’ ಪದ ಬಂದಿಲ್ಲ ಎನ್ನುವವರು ಓದಿಲ್ಲ ಎಂದೇ ಅರ್ಥ. 526ನೇ ಅಂಗದಲ್ಲಿ ಭಗತ್ ತ್ರಿಲೋಚನರ ಪದವಿದೆ: ಸಾಯುವ ಹೊತ್ತಿನಲ್ಲಿ ಹಣವನ್ನೇ ನೆನೆಯುವವನು ಹಾವಾಗಿ ಹುಟ್ಟುತ್ತಾನೆ, ಮನೆಮಹಲುಗಳನ್ನೇ ನೆನೆಯುವವನು ಪ್ರೇತವಾಗುತ್ತಾನೆ. ಒಂದು ಗುಂಪು ಇದನ್ನು ಅಕ್ಷರಶಃ ತೆಗೆದುಕೊಳ್ಳುತ್ತದೆ. ಇನ್ನೊಂದು ಗುಂಪು 513ನೇ ಅಂಗದ ಗುರು ಅಮರದಾಸರ ಸಾಲನ್ನು ಮುಂದಿಡುತ್ತದೆ: ಮಾಯೆಯ ಮೋಹವೇ ಪ್ರೇತ, ಕಾಮ, ಕ್ರೋಧ, ಅಹಂಕಾರವೂ ಅದೇ. ಈ ಓದಿನ ಪ್ರಕಾರ ಪ್ರೇತ ಕಾಡುವುದು ಸತ್ತವರಿಂದಲ್ಲ, ಬದುಕಿರುವವನ ಒಳಗಿನಿಂದ.

ನಮ್ಮ ದೃಷ್ಟಿಯಲ್ಲಿ ಈ ಜಗಳ ಅಷ್ಟು ಮುಖ್ಯವಲ್ಲ, ಏಕೆಂದರೆ ಎರಡೂ ಗುಂಪುಗಳು ಒಂದು ಕಡೆ ಸೇರುತ್ತವೆ. ತ್ರಿಲೋಚನರ ಪದವನ್ನು ಅಕ್ಷರಶಃ ಒಪ್ಪಿದರೂ, ಆ ಪ್ರೇತಕ್ಕೆ ಮಗ ಇಟ್ಟ ಪಿಂಡ ತಲುಪುತ್ತದೆ ಎಂದು ಗ್ರಂಥ ಎಲ್ಲೂ ಹೇಳುವುದಿಲ್ಲ. 332ನೇ ಅಂಗದಲ್ಲಿ ಕಬೀರರು ನೇರವಾಗೇ ಕೇಳುತ್ತಾರೆ: ಬದುಕಿದ್ದಾಗ ಹಿರಿಯರನ್ನು ಯಾರೂ ಲೆಕ್ಕಕ್ಕಿಡಲಿಲ್ಲ, ಸತ್ತ ಮೇಲೆ ಶ್ರಾದ್ಧ ಮಾಡುತ್ತಾರೆ, ಕಾಗೆ, ನಾಯಿ ತಿನ್ನುವುದು ಪಾಪದ ಪಿತೃಗಳಿಗೆ ಹೇಗೆ ಸೇರೀತು? ಹರಿದ್ವಾರದಲ್ಲಿ ಜನ ಪೂರ್ವಕ್ಕೆ ತಿರುಗಿ ಪಿತೃಗಳಿಗೆ ನೀರು ಬಿಡುವಾಗ ನಾನಕರು ಪಶ್ಚಿಮಕ್ಕೆ ತಿರುಗಿ ನೀರು ಎರಚಿ, ‘ಪಂಜಾಬಿನ ನನ್ನ ಹೊಲಕ್ಕೆ’ ಎಂದರೆಂಬ ಕಥೆಯ ತಿರುಳೂ ಇದೇ. ಪರಲೋಕಕ್ಕೆ ನೀರು ತಲುಪುವುದಾದರೆ ಕೆಲವು ನೂರು ಮೈಲಿ ಆಚೆಯ ಹೊಲಕ್ಕೇಕೆ ತಲುಪಬಾರದು?

ಪುಚ್ಛ ಕೇಳುವ ಕಡೆ ಏನು ನಡೆಯುತ್ತದೆ

ಪಂಜಾಬಿನ ಈ ವ್ಯಾಪಾರದ ಪದಗಳಿಗೆ ಕನ್ನಡದಲ್ಲಿ ತಡಕಾಡಬೇಕಿಲ್ಲ. ನಮ್ಮಲ್ಲಿ ‘ಗಾಳಿ ಸೋಕಿದೆ’ ಎಂದರೆ ಅಲ್ಲಿ ‘ಊಪರೀ ಹವಾ’. ಎರಡೂ ಕಡೆ ದೆವ್ವ ಗಾಳಿಯೇ. ಮೈಮೇಲೆ ಬರುವುದಕ್ಕೆ ‘ಖೇಡಣಾ’, ಅಂದರೆ ಆಡುವುದು. ಕೂದಲು ಬಿಚ್ಚಿ ತಲೆ ಗಿರಗಿರ ತಿರುಗಿಸುವುದನ್ನು ನೋಡಿದರೆ ಪದ ಸರಿಯಾಗೇ ಇದೆ. ಕಣಿ ಕೇಳುವುದು ‘ಪುಚ್ಛ’, ಹರಕೆ ‘ಸುಖಣಾ’, ತಾಯತಕ್ಕೆ ‘ತವೀತ್’. ಯಾರೋ ಮಾಡಿಸಿಟ್ಟ ಕೇಡು ‘ಕಸರ್’. ಮಂತ್ರವಾದಿಗೆ ‘ಸಿಆಣಾ’ ಎನ್ನುತ್ತಾರೆ, ಅಂದರೆ ಜಾಣ.

ಜಾಣನ ಕೆಲಸ ಶುರುವಾಗುವುದು ಒಂದು ಸಾಮಾನ್ಯ ವಾಕ್ಯದಿಂದ: ‘ನಿಮ್ಮ ಮನೆಯಲ್ಲಿ ಒಬ್ಬರು ಅಕಾಲದಲ್ಲಿ ಹೋಗಿದ್ದಾರೆ, ಅವರಿಗೆ ತೃಪ್ತಿಯಿಲ್ಲ.’ ಯಾವ ಮನೆಯಲ್ಲಿ ಹೋಗಿಲ್ಲ? 1947ರ ವಿಭಜನೆ, 80ರ ದಶಕದ ಹಿಂಸೆ, ಆಮೇಲೆ ಬಂದ ಮಾದಕವಸ್ತುಗಳ ಪಿಡುಗು, ಹೆದ್ದಾರಿ ಅಪಘಾತ, ಸಾಲಕ್ಕೆ ಹೆದರಿ ಔಷಧಿ ಕುಡಿದ ರೈತ. ಪಂಜಾಬಿನ ಮನೆಯಲ್ಲಿ ಈ ವಾಕ್ಯ ತಪ್ಪುವ ಸಂಭವವೇ ಕಡಿಮೆ. ಮನೆಯವರು ‘ಹೌದು, ನಮ್ಮ ಚಿಕ್ಕಪ್ಪ’ ಎಂದ ತಕ್ಷಣ ಉಳಿದ ವಿವರವೆಲ್ಲ ಅವರ ಬಾಯಿಂದಲೇ ಬರುತ್ತದೆ. ಹತ್ತು ನಿಮಿಷದ ನಂತರ ಅದನ್ನೇ ತಿರುಗಿಸಿ ಹೇಳಿದಾಗ ‘ಅವರಿಗೆ ಹೇಗೆ ಗೊತ್ತಾಯಿತು!’ ಎಂದು ಬೆರಗಾಗುತ್ತಾರೆ.

ಮೊದಲ ಪರಿಹಾರ ಅಗ್ಗದ್ದು. ಏಳು ಧಾನ್ಯ ದಾನ, ಕಾಲುವೆಗೆ ಒಂದು ತೆಂಗಿನಕಾಯಿ. ಕೆಲವು ವಾರಗಳಲ್ಲಿ ಜ್ವರ ಇಳಿಯುತ್ತದೆ, ವ್ಯಾಪಾರ ಸ್ವಲ್ಪ ಕುದುರುತ್ತದೆ. ಜನ ಕಣಿ ಕೇಳಲು ಹೋಗುವುದೇ ಕಷ್ಟ ತುತ್ತತುದಿ ಮುಟ್ಟಿದಾಗ. ಅಲ್ಲಿಂದ ಮುಂದೆ ಏನೂ ಮಾಡದಿದ್ದರೂ ಸಾಮಾನ್ಯವಾಗಿ ಇಳಿಜಾರೇ. ಆ ಇಳಿಜಾರಿನ ಯಶಸ್ಸು ತೆಂಗಿನಕಾಯಿಗೆ ಹೋಗುತ್ತದೆ. ಕಷ್ಟ ಮರಳಿ ಬಂದಾಗ ದರ ಏರುತ್ತದೆ, ಮನೆಯ ಮೂಲೆಯಲ್ಲಿ ಹೂತಿಟ್ಟ ಬೊಂಬೆ ‘ಸಿಗುತ್ತದೆ’. ಅದನ್ನು ಹೂತವರು ಯಾರು ಎಂಬ ಪ್ರಶ್ನೆಗೆ ಜಾಣ ಹೆಸರು ಹೇಳುವುದಿಲ್ಲ, ‘ಹತ್ತಿರದವರೇ, ಹೆಂಗಸು’ ಎನ್ನುತ್ತಾನೆ. ಅಲ್ಲಿಗೆ ಸೊಸೆಯ ಅಥವಾ ನಾದಿನಿಯ ಮೇಲೆ ಎಲ್ಲರ ಕಣ್ಣು. ಆಸ್ತಿ ಪಾಲಿನ ಜಗಳವಿದ್ದ ಮನೆಯಲ್ಲಿ ಈ ಒಂದು ಮಾತು ಮಾಡುವ ಹಾನಿ ಕಳೆದುಕೊಂಡ ಹಣಕ್ಕಿಂತ ದೊಡ್ಡದು. ಯಾವುದೂ ಫಲಿಸದಿದ್ದರೆ ಕೊನೆಯ ಉತ್ತರ ತಯಾರಿರುತ್ತದೆ: ‘ನೀವು ಮಧ್ಯದಲ್ಲಿ ಬಿಟ್ಟಿರಿ.’

ಈಗ ಇದಕ್ಕೆ ವೀಸಾ ಸೇರಿಕೊಂಡಿದೆ. ಜಲಂಧರ್ ಬಳಿಯ ತಲ್ಹಣ್ ಗ್ರಾಮದಲ್ಲಿ ಬಾವಿ ಕೆಲಸದಲ್ಲಿ ಸತ್ತ ನಿಹಾಲ್ ಸಿಂಗ್ ಎಂಬವರ ಸಮಾಧಿ ಬೆಳೆದು ಶಹೀದರ ಗುರುದ್ವಾರವಾಗಿದೆ; ವಿದೇಶಕ್ಕೆ ಹೋಗಬೇಕೆನ್ನುವವರು ಅಲ್ಲಿ ಆಟಿಕೆ ವಿಮಾನ ಅರ್ಪಿಸುತ್ತಾರೆ. ಈ ಸ್ಥಳದ ಆಡಳಿತ ಸಮಿತಿಯಲ್ಲಿ ದಲಿತರಿಗೆ ಜಾಗ ಕೊಡುವ ವಿಷಯದಲ್ಲಿ 2003ರಲ್ಲಿ ಜಾಟ್ ಮತ್ತು ದಲಿತರ ನಡುವೆ ದೊಡ್ಡ ಗಲಭೆಯೇ ಆಯಿತು. ಹುಂಡಿ ಬೆಳೆದಲ್ಲಿ ಕೀಲಿಕೈ ಯಾರದು ಎಂಬ ಜಗಳವೂ ಬೆಳೆಯುತ್ತದೆ.

ಸಿಮರನ್: ಏನು, ಹೇಗೆ, ಎಲ್ಲಿ ಎಡವುತ್ತಾರೆ

ಭಯಕ್ಕೆ ಸಿಖ್ ಧರ್ಮ ಕೊಡುವ ಉತ್ತರ ‘ನಾಮ್ ಸಿಮರನ್’, ಅಂದರೆ ನಾಮದ ನೆನಪು. ಧ್ಯಾನ ಎಂದರೆ ಕಣ್ಣು ಮುಚ್ಚಿ ಮೌನವಾಗಿ ಕೂರುವುದು ಎಂದುಕೊಂಡವರಿಗೆ ಇದು ಬೇರೆ ಥರ ಕಾಣುತ್ತದೆ. ಇಲ್ಲಿ ಕೆಲಸವೆಲ್ಲ ಬಾಯಿ ಮತ್ತು ಕಿವಿಯದು. ಮರ್ಯಾದಾ ಹೇಳುವ ದಿನಚರಿ ಹೀಗಿದೆ. ಅಮೃತವೇಳೆಯಲ್ಲಿ, ಅಂದರೆ ಬೆಳಕು ಹರಿಯುವುದಕ್ಕೆ ಸುಮಾರು ಮೂರು ಗಂಟೆ ಮೊದಲು ಎದ್ದು, ಸ್ನಾನ ಮಾಡಿ, ‘ವಾಹೆಗುರು’ ಎಂಬ ನಾಮವನ್ನು ನೆನೆಯುವುದು. ಆಮೇಲೆ ಜಪುಜಿ, ಜಾಪು, ಹತ್ತು ಸವೈಯೆಗಳ ಪಠಣ. ಸೂರ್ಯ ಮುಳುಗಿದ ಮೇಲೆ ರೆಹರಾಸ್, ಮಲಗುವ ಮುಂಚೆ ಸೋಹಿಲಾ. ಜಪುಜಿಯಲ್ಲಿ 38 ಪೌಡಿಗಳು, ಅಂದರೆ ಮೆಟ್ಟಿಲುಗಳು. ಅವಸರ ಮಾಡದೆ ಓದಿದರೆ 20ರಿಂದ 25 ನಿಮಿಷ. ಸೋಹಿಲಾ ಐದು ಪದಗಳು, ಐದಾರು ನಿಮಿಷದಲ್ಲಿ ಮುಗಿಯುತ್ತದೆ.

ಹೊಸಬರಿಗೆ ಇಷ್ಟು ಸಾಕು: ನೆಲದ ಮೇಲೋ ಕುರ್ಚಿಯ ಮೇಲೋ ಬೆನ್ನು ನೆಟ್ಟಗಿಟ್ಟು ಕೂರುವುದು, ವಾ-ಹೆ-ಗು-ರು ಎಂದು ಮಾತಾಡುವ ವೇಗದಲ್ಲಿ ತಮಗೆ ಕೇಳುವಷ್ಟು ದನಿಯಲ್ಲಿ ಹೇಳುವುದು, ಹೇಳಿದ್ದನ್ನು ತಾವೇ ಕೇಳಿಸಿಕೊಳ್ಳುವುದು. ಮನಸ್ಸು ಎತ್ತಲೋ ಹೋದರೆ ದನಿಗೆ ವಾಪಸು ಬರುವುದು. ಮೊದಲು ಹತ್ತು ನಿಮಿಷ. ಜಪುಜಿಯಲ್ಲಿ ‘ಸುಣಿಐ’, ಅಂದರೆ ಕೇಳುವುದರಿಂದ, ಎಂದು ಶುರುವಾಗುವ ನಾಲ್ಕು ಮೆಟ್ಟಿಲುಗಳಿವೆ, 8ರಿಂದ 11ರವರೆಗೆ. ಕೇಳುವುದಕ್ಕೇ ಅಷ್ಟು ಜಾಗ ಕೊಟ್ಟಿರುವುದು ಸುಮ್ಮನಲ್ಲ.

ಈ ಅಭ್ಯಾಸ ದೆವ್ವದ ಭಯಕ್ಕೆ ಹೇಗೆ ತಾಗುತ್ತದೆ? ಸೋಹಿಲಾ ನೋಡಿ. ದಿನವೂ ರಾತ್ರಿ ಮಲಗುವ ಮುಂಚೆ ಹೇಳುವ ಈ ಐದು ಪದಗಳನ್ನೇ ಚಿತೆಗೆ ಬೆಂಕಿ ಇಟ್ಟಾಗಲೂ ಹೇಳುತ್ತಾರೆ. ಅದರ ಮೊದಲ ಪದದಲ್ಲಿ ಸಾವು ಮದುವೆಯಂತೆ ಬರುತ್ತದೆ: ದಿನ ಗೊತ್ತಾಗಿದೆ, ಬಾಗಿಲಿಗೆ ಎಣ್ಣೆ ಎರೆಯಿರಿ, ಗಂಡನ ಮನೆಗೆ ಹೋಗಲು ಹರಸಿ. ಆರು ವರ್ಷದ ಮಗುವಾಗಿದ್ದಾಗಿನಿಂದ ಹಾಸಿಗೆಯಲ್ಲಿ ಕೇಳಿದ ಪದವೇ ಅಜ್ಜನ ಚಿತೆಯ ಮುಂದೆಯೂ ಕೇಳಿದಾಗ ಸಾವು ಹೊರಗಿನಿಂದ ಬಂದ ಭೂತವಾಗಿ ಉಳಿಯುವುದಿಲ್ಲ. ಮೂಲಮಂತ್ರದಲ್ಲಿ ದೇವರಿಗೆ ‘ನಿರಭಉ’, ‘ನಿರವೈರು’ ಎಂಬ ಹೆಸರುಗಳಿವೆ; ಭಯವಿಲ್ಲದವನು, ವೈರವಿಲ್ಲದವನು. ಗುರು ತೇಗ್ ಬಹಾದೂರರು ಜ್ಞಾನಿಯ ಲಕ್ಷಣ ಹೇಳುವಾಗ (ಅಂಗ್ 1427) ಇದನ್ನು ಎರಡೂ ಕಡೆ ಕಟ್ಟುತ್ತಾರೆ: ಅವನು ಯಾರನ್ನೂ ಹೆದರಿಸುವುದಿಲ್ಲ, ಯಾರಿಗೂ ಹೆದರುವುದಿಲ್ಲ. ಹೆದರಿಸದಿರುವುದು ಮೊದಲು ಬಂದಿದೆ, ಗಮನಿಸಿ.

ಇಷ್ಟಾದರೂ ದಲ್ಲಾಳಿ ಇಲ್ಲಿಗೂ ಬರುತ್ತಾನೆ, ನೀಲಿ ಪೇಟ ಸುತ್ತಿಕೊಂಡು. ‘ಈ ಪದವನ್ನು ಇಷ್ಟು ಸಾವಿರ ಸಲ ಹೇಳಿದರೆ ಕೋರ್ಟ್ ಕೇಸು ಗೆಲ್ಲುತ್ತೀರಿ, ಈ ಪದಕ್ಕೆ ಗಂಡುಮಗು’ ಎಂದು ಪಟ್ಟಿ ಕೊಡುವವರಿದ್ದಾರೆ. ಅಖಂಡ ಪಾಠದ ಪಕ್ಕ ನೀರಿನ ಕುಂಭ ಇಟ್ಟು, ಮುಗಿದ ಮೇಲೆ ಆ ನೀರನ್ನು ಮನೆಯ ಮೂಲೆ ಮೂಲೆಗೆ ಚಿಮುಕಿಸುತ್ತಾರೆ. ಸುಮಾರು 48 ಗಂಟೆ ಎಡೆಬಿಡದೆ ಓದುವ ಈ ಪಾಠದ ಜೊತೆ ಕುಂಭ, ತುಪ್ಪದ ಜ್ಯೋತಿ, ತೆಂಗಿನಕಾಯಿ ಇಡುವುದಾಗಲಿ, ಪಕ್ಕದಲ್ಲಿ ಬೇರೆ ವಾಣಿ ಓದುವುದಾಗಲಿ ಮನಮತ ಎಂದು ಮರ್ಯಾದಾ ಬಿಡಿಸಿ ಬರೆದಿದೆ. ಕಾರಣ ಸರಳ. ಕುಂಭ ಇಟ್ಟೊಡನೆ ಗ್ರಂಥವನ್ನು ಓದಿ ತಿಳಿಯುವ ಕೆಲಸ ಮುಗಿದು, ಮಂತ್ರಿಸಿದ ನೀರು ತಯಾರಿಸುವ ಕೆಲಸ ಶುರುವಾಗುತ್ತದೆ. ಓದುವವನಿಗೆ ಹಣ ಕೊಟ್ಟು ಮನೆಯವರು ಒಳಗೆ ಟಿವಿ ನೋಡುತ್ತಿದ್ದರೆ, ಪುಚ್ಛ ಕೇಳಲು ಹೋಗುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಇನ್ನೊಂದು ಎಡವಟ್ಟು ದೇಹಕ್ಕೆ ಸಂಬಂಧಿಸಿದ್ದು. ಕೆಲವು ಕೂಟಗಳಲ್ಲಿ ದೀಪ ಆರಿಸಿ, ಉಸಿರನ್ನು ಜೋರಾಗಿ ಎಳೆದು ಬಿಡುತ್ತ ನಾಮವನ್ನು ವೇಗವಾಗಿ ಹೇಳಿಸುತ್ತಾರೆ. ಹಾಗೆ ಉಸಿರಾಡಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ, ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ. ತಲೆ ಹಗುರಾಗಿ, ತುಟಿ ಬೆರಳು ಜುಮುಗುಟ್ಟಿ, ಕೆಲವರಿಗೆ ಕೈ ಸೆಟೆದು, ಅಳುವೂ ಒತ್ತರಿಸಿ ಬರುತ್ತದೆ. ಇದನ್ನು ಕೆಲವರು ‘ಶಕ್ತಿ’ ಎನ್ನುತ್ತಾರೆ, ಕೆಲವರು ‘ಒಳಗಿದ್ದ ಕಸರ್ ಹೊರಬಂತು’ ಎನ್ನುತ್ತಾರೆ. ಉಸಿರಾಟ ನಿಧಾನ ಮಾಡಿದರೆ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಮಾತಾಡುವ ವೇಗ ಎಂದು ಮೇಲೆ ಹೇಳಿದ್ದು ಇದಕ್ಕೇ.

ಅಮೃತವೇಳೆಗೆ ಏಳಬೇಕೆಂದರೆ ರಾತ್ರಿ ಬೇಗ ಮಲಗಬೇಕು. ಹನ್ನೊಂದಕ್ಕೆ ಮಲಗಿ ಮೂರಕ್ಕೆ ಏಳುವವರಿಗೆ ನಿದ್ರೆ ಸಾಲದು. ಮನಸ್ಸಿನ ಕಾಯಿಲೆಯ ಇತಿಹಾಸ ಇರುವವರಲ್ಲಿ, ಅದರಲ್ಲೂ ಉನ್ಮಾದ-ಖಿನ್ನತೆ ಎರಡೂ ಬರುವವರಲ್ಲಿ, ನಿದ್ರೆಗೇಡು ಕಾಯಿಲೆಯನ್ನು ಕೆರಳಿಸುತ್ತದೆ. ಕಿವಿಯಲ್ಲಿ ದನಿಗಳು ಕೇಳುತ್ತಿರುವವರನ್ನು ಗಂಟೆಗಟ್ಟಲೆ ಒಂಟಿಯಾಗಿ ಜಪಕ್ಕೆ ಕೂರಿಸುವುದೂ ತಪ್ಪು. ಮನೆಯವರ ಜೊತೆ ಕೂತು ಸ್ವಲ್ಪ ಹೊತ್ತು ಕೀರ್ತನೆ ಕೇಳುವುದು ವಾಸಿ, ಮಾತ್ರೆ ನಿಲ್ಲಿಸಬಾರದು.

ಗಾಳಿ ಅಂದುಕೊಂಡದ್ದು

‘ಅಜ್ಜ ರಾತ್ರಿ ಎದೆಯ ಮೇಲೆ ಕೂತಿದ್ದ, ಕೂಗಲು ಬಾಯಿ ಬರಲಿಲ್ಲ’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಕನಸಿನ ನಿದ್ರೆಯಲ್ಲಿ ಮಿದುಳು ಸ್ನಾಯುಗಳನ್ನು ಸಡಿಲಬಿಟ್ಟಿರುತ್ತದೆ, ಕನಸಿನಂತೆ ಕೈಕಾಲು ಆಡದಿರಲಿ ಅಂತ. ಎಚ್ಚರ ಮೊದಲು ಬಂದು ಸ್ನಾಯು ಆಮೇಲೆ ಬಂದರೆ ಆ ಕೆಲವು ಕ್ಷಣ ಕೋಣೆ ಕಾಣುತ್ತದೆ, ಕನಸೂ ಕಾಣುತ್ತದೆ, ಮೈ ಅಲ್ಲಾಡುವುದಿಲ್ಲ. ಅಂಗಾತ ಮಲಗಿದಾಗ, ನಿದ್ರೆ ಕೆಟ್ಟಾಗ ಇದು ಹೆಚ್ಚು. ಸಾವಾದ ಮನೆಯಲ್ಲಿ ನಿದ್ರೆ ಕೆಡದೆ ಇರುತ್ತದೆಯೇ? ಸತ್ತವರ ದನಿ ಒಮ್ಮೆ ಕೇಳಿದಂತಾಗುವುದು, ಅಡುಗೆಮನೆಯಲ್ಲಿ ಅವರು ನಿಂತಂತೆ ಅನ್ನಿಸುವುದು ದುಃಖದಲ್ಲಿರುವವರಿಗೆ ಸಾಮಾನ್ಯ ಅನುಭವ. ಅದಕ್ಕೆ ತಾಯತವೂ ಬೇಡ, ಗಾಬರಿಯೂ ಬೇಡ.

ಕೈಕಾಲು ಸೆಳೆದು ಬಾಯಲ್ಲಿ ನೊರೆ ಬಂದರೆ ಅದು ಮೂರ್ಛೆರೋಗ ಇರಬಹುದು. ಪಕ್ಕಕ್ಕೆ ತಿರುಗಿಸಿ ಮಲಗಿಸಬೇಕು, ಬಾಯಿಗೆ ಏನೂ ತುರುಕಬಾರದು, ಕೈಕಾಲು ಒತ್ತಿ ಹಿಡಿಯಬಾರದು, ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದರೆ ಆಸ್ಪತ್ರೆ. ಮನಸ್ಸಿನ ವಿಷಯಕ್ಕೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, 2022ರಲ್ಲಿ ಶುರುವಾದದ್ದು. ಇದರ ಮೇಲುಸ್ತುವಾರಿ ಬೆಂಗಳೂರಿನ ನಿಮ್ಹಾನ್ಸ್‌ನದು, ಪಂಜಾಬಿನಿಂದ ಕರೆ ಮಾಡಿದರೂ ಸಿಗುತ್ತದೆ.

ಕಾನೂನು ಎಷ್ಟು ನೆರವಾದೀತು? ತಾಯತ, ಮಂತ್ರ, ಕವಚದಿಂದ ಮೂರ್ಛೆರೋಗ, ಹುಚ್ಚು ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದು 1954ರ ಕೇಂದ್ರ ಕಾಯ್ದೆಯಲ್ಲೇ ಅಪರಾಧ. ಫೋನಿನ ತೆರೆಯ ಮೇಲೆ ಬರುವ ಬಾಬಾಗಳಿಗೆ ಆ ಸುದ್ದಿ ತಲುಪಿದಂತಿಲ್ಲ. ಕರ್ನಾಟಕದಲ್ಲಿ 2017ರ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ. ಪಂಜಾಬಿನಲ್ಲಿ ಇಂಥದ್ದೊಂದು ಬೇಕೆಂದು 1984ರಲ್ಲಿ ಬರ್ನಾಲಾದಲ್ಲಿ ಹುಟ್ಟಿದ ತರ್ಕಶೀಲ್ ಸೊಸೈಟಿ ಒತ್ತಾಯಿಸುತ್ತ ಬಂದಿದೆ. ಈ ವಿಚಾರವಾದಿಗಳಿಗೂ ಸಿಖ್ ಪ್ರಚಾರಕರಿಗೂ ದೇವರ ವಿಷಯದಲ್ಲಿ ಹೊಂದುವುದಿಲ್ಲ. ಕಸರ್ ತೆಗೆಯುವವನ ವಿಷಯ ಬಂದಾಗ ಇಬ್ಬರೂ ಒಂದೇ ಮಾತು ಆಡುತ್ತಾರೆ.

ಸಾವಿನ ಮನೆಯಲ್ಲಿ

ಭಯದ ವ್ಯಾಪಾರ ಶುರುವಾಗುವುದು ಸಾವಿನ ಮರುದಿನವೇ ಆದ್ದರಿಂದ ಮರ್ಯಾದಾ ಆ ದಿನಗಳನ್ನು ಬಹಳ ಚಿಕ್ಕದಾಗಿ ಕಟ್ಟಿದೆ. ದೇಹಕ್ಕೆ ಸ್ನಾನ ಮಾಡಿಸಿ ಶುಭ್ರ ಬಟ್ಟೆ ತೊಡಿಸುವುದು. ಕೇಶ, ಕೃಪಾಣ್, ಕಡಾ ಮುಂತಾದ ಐದು ಕಕಾರಗಳನ್ನು, ಅಂದರೆ ಸಿಖ್ಖರು ಮೈಮೇಲೆ ಧರಿಸುವ ಗುರುತುಗಳನ್ನು, ತೆಗೆಯದಿರುವುದು. ಅರ್ದಾಸ್ ಮಾಡಿ ಹೊರಡುವುದು, ಚಿತೆ ಉರಿಯುವಾಗ ಸೋಹಿಲಾ. ಆಮೇಲೆ ಗ್ರಂಥದ ಸಹಜ ಪಾಠ, ಅಂದರೆ ಬಿಡುವು ಕೊಟ್ಟು ಇಡೀ ಗ್ರಂಥ ಓದುವುದು. ಹತ್ತನೇ ದಿನಕ್ಕೆ ಮುಗಿಯುವಂತೆ ನೋಡಿಕೊಂಡರೆ ಸಾಕು. ಎದೆ ಬಡಿದುಕೊಂಡು ಅಳುವುದು, ದೀಪ, ಪಿಂಡ, ಕ್ರಿಯೆ, ಶ್ರಾದ್ಧ ಯಾವುದೂ ಇಲ್ಲ. 1574ರಲ್ಲಿ ತೀರಿಕೊಂಡ ಗುರು ಅಮರದಾಸರು ತಮ್ಮ ನಂತರ ಶುದ್ಧ ಕೀರ್ತನೆ ಮಾಡಿ ಎಂದರೆಂದು 923ನೇ ಅಂಗದ ‘ಸದ್ದು’ ಹೇಳುತ್ತದೆ; ಬರೆದವರು ಅವರ ಮರಿಮಗ ಸುಂದರ್.

ಬೂದಿಯನ್ನು ಎತ್ತಿ ಹರಿಯುವ ನೀರಿಗೆ ಬಿಡಬಹುದು, ಇಲ್ಲವೇ ಅಲ್ಲೇ ಹೂತು ನೆಲ ಸಮ ಮಾಡಬಹುದು. ಸುಟ್ಟ ಜಾಗದಲ್ಲಿ ಸ್ಮಾರಕ ಕಟ್ಟಬಾರದು. ಕಟ್ಟಿದ್ದೇ ನಾಳೆಯ ಮಢೀ. ಮೂಳೆಗಳನ್ನು ಆರಿಸಿ ಗಂಗೆಗೋ, ಕೀರತ್‌ಪುರದ ಪಾತಾಲ್‌ಪುರಿಗೋ ಒಯ್ಯುವುದು ಮನಮತ ಎಂದು ಊರಿನ ಹೆಸರು ಹಿಡಿದೇ ಬರೆದಿದ್ದಾರೆ. ಆದರೆ ಇವತ್ತು ಪಂಜಾಬಿನ ಸಿಖ್ಖರ ಮೂಳೆ-ಬೂದಿಯ ಕೆಂಪು ಗಂಟುಗಳು ದಂಡಿಯಾಗಿ ಹೋಗುವುದು ಕೀರತ್‌ಪುರಕ್ಕೇ. ವಿದೇಶದಿಂದ ವಿಮಾನದಲ್ಲೂ ಬರುತ್ತವೆ.

ಕನ್ನಡನಾಡಿನ ಬೀದರ್‌ನಲ್ಲೂ ಈ ಗೆರೆ ತೆಳ್ಳಗಿದೆ. ಉಪ್ಪುನೀರಿನ ಊರಿಗೆ ಬಂದ ನಾನಕರು ಬಂಡೆ ಸರಿಸಿ ಸಿಹಿನೀರಿನ ಚಿಲುಮೆ ಹರಿಸಿದರೆಂಬ ನಂಬಿಕೆಯ ಜಾಗದಲ್ಲಿ ನಾನಕ್ ಝೀರಾ ಸಾಹಿಬ್ ಗುರುದ್ವಾರವಿದೆ. ಬಂದವರು ಅಮೃತಕುಂಡದ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಹೋಗುತ್ತಾರೆ. ಬಾಯಾರಿದ ಊರಿಗೆ ನೀರು ಕೊಟ್ಟ ನೆನಪಾಗಿ ಕುಡಿಯುವವರೂ ಇದ್ದಾರೆ, ಕಾಯಿಲೆಗೆ ಔಷಧವೆಂದು ಇಟ್ಟುಕೊಳ್ಳುವವರೂ ಇದ್ದಾರೆ. ಬಾಟಲಿ ನೋಡಿ ಹೇಳಲಾಗದು. ಇದೇ ಬೀದರ್‌ನ ಕ್ಷೌರಿಕ ಮನೆತನದ ಸಾಹಿಬ್ ಚಂದ್ 1699ರ ಬೈಸಾಖಿಯಂದು ಆನಂದಪುರದಲ್ಲಿ ತಲೆ ಕೊಡುತ್ತೇನೆಂದು ಎದ್ದು ನಿಂತು, ಕುಲ ಕಳಚಿ, ಭಾಯಿ ಸಾಹಿಬ್ ಸಿಂಗ್ ಆದರು. ಅವರ ಗೋತ್ರದ ಕಟ್ಟೆ ಎಲ್ಲಿದೆ ಎಂದು ಯಾರೂ ಹುಡುಕುವುದಿಲ್ಲ. ಅರ್ದಾಸ್‌ನಲ್ಲಿ ‘ಪಂಜ್ ಪ್ಯಾರೇ’ ಎಂದಾಗಲೆಲ್ಲ ಆ ಐವರಲ್ಲಿ ಒಬ್ಬರು ಅವರೇ.